ಕುರಿದೊಡ್ಡಿಯಲ್ಲಿ ಬಚ್ಚಿಟ್ಟ ಕೋಲು

ಹತ್ತು ವರ್ಷ ಹುಮನಾಬಾದಿನ ಕಚೇರಿಗಳಿಗೆ ಅಲೆದು, ನನ್ನ ಎಡಗಾಲು ಕೆಲಸಕ್ಕೆ ಬಾರದ್ದು ಎಂದು ಒಪ್ಪಿಸಿದವಳು ನಾನು. ಹುಟ್ಟಿದ ವರ್ಷವೇ ಪೋಲಿಯೊ ಬಂದ ಕಾಲನ್ನು ಪ್ರತಿ ಸಲವೂ ಹೊಸದಾಗಿ ಸೊರಗಿದೆಯೇನೋ ಎಂಬಂತೆ ನೋಡುವ ಜನ ಅವರು. ಅಂಗವಿಕಲೆ ಎಂಬ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ನೆಟ್ಟಗಿದ್ದ ಇನ್ನೊಂದು ಕಾಲೂ ಸವೆದಿತ್ತು. ಈಗ ಅದೇ ಸರ್ಕಾರಕ್ಕೆ ಈ ಚಂದಮ್ಮ ಗಟ್ಟಿಮುಟ್ಟಾಗಿದ್ದಾಳೆ ಎಂದು ತೋರಿಸಬೇಕಾಗಿ ಬಂತು.

ಕಾರಣ ಕಾಜಲ, ಏಳು ವರ್ಷದ ಹುಡುಗಿ. ಘಾಟಬೋರಾಳದಲ್ಲಿ ನನ್ನ ಪಕ್ಕದ ಮನೆಯ ದ್ರೌಪತಿಯ ಮಗಳು. ದ್ರೌಪತಿ ಕಾಮಾಲೆಯಾಗಿ ತೀರಿಕೊಂಡಳು. ಗಂಡ ಅದಕ್ಕೂ ಮೊದಲೇ ಊರು ಬಿಟ್ಟಿದ್ದ, ಮಣ್ಣಿಗೂ ಬರಲಿಲ್ಲ, ಪುಣ್ಯಾತ್ಮ. ಹುಡುಗಿ ನಾಲ್ಕು ತಿಂಗಳು ನನ್ನ ಕುರಿಗಳ ಜೊತೆ ತಿರುಗಿದಳು, ನನ್ನ ಕಂಬಳಿಯಲ್ಲಿ ಮಲಗಿದಳು. ನಾನು ಅವಳಿಗೆ ಸಂಬಂಧಿಕಳಲ್ಲ ಎಂದು ಯಾರೋ ಹಿತೈಷಿಗಳು ಫೋನ್ ಮಾಡಿ ತಿಳಿಸಿದರು. ಜೀಪು ಬಂತು, ಅವಳನ್ನು ಬೀದರಿನ ಬಾಲಮಂದಿರಕ್ಕೆ ಕರೆದುಕೊಂಡು ಹೋಯಿತು. ಅವತ್ತು ನಾನು ರೊಟ್ಟಿ ಬಡಿಯಲಿಲ್ಲ, ತಿನ್ನಲೂ ಇಲ್ಲ.

ಹೆತ್ತವರಿಲ್ಲದ ಮಕ್ಕಳನ್ನು ಸಾಕಲು ಸರ್ಕಾರದ ಪೋಷಕತ್ವ ಯೋಜನೆ ಇದೆ, ಅರ್ಜಿ ಹಾಕಬಹುದು ಎಂದು ನನ್ನ ತಮ್ಮ ಅಮೋಘಸಿದ್ದಪ್ಪ ಪತ್ತೆ ಹಚ್ಚಿದ. ಬಸವಕಲ್ಯಾಣದಲ್ಲಿ ಆಟೊ ಓಡಿಸುವ ಅವನು ಅಧಿಕಾರಿಗಳನ್ನು ಕೂರಿಸಿಕೊಂಡು ತಿರುಗಿ ತಿರುಗಿ ತಾನೂ ಅರ್ಧ ಅಧಿಕಾರಿಯಾಗಿದ್ದ. ಅರ್ಜಿ ಅವನೇ ಕೊಟ್ಟ. ಮನೆ ನೋಡಲು ಬರುತ್ತಾರೆ ಎಂದು ಗೊತ್ತಾದ ದಿನ ಬೆಳಿಗ್ಗೆಯೇ ಬಂದು ನಿಂತ.

"ಅಕ್ಕಾ, ಹೊರಸಿನ ಮ್ಯಾಲಿಂದ ಏಳಬ್ಯಾಡ. ಕಾಲ ಮ್ಯಾಲ ಕಂಬಳಿ ಹೊಚ್ಚಿಕೊ. ನಿನ್ನ ಕೋಲು ನಾ ದೊಡ್ಡ್ಯಾಗ ಬಚ್ಚಿಡ್ತೀನಿ. ಕುಂಟಿ ಕೈಯಾಗ ಕೂಸು ಯಾರು ಕೊಡ್ತಾರ?"

ಬೇರೆ ದಿನವಾಗಿದ್ದರೆ ಅದೇ ಕೋಲಿನಿಂದ ಅವನ ಬೆನ್ನಿಗೆ ಉತ್ತರ ಕೊಡುತ್ತಿದ್ದೆ. ಅವತ್ತು ನನಗೆ ಹೆದರಿಕೆ ಇತ್ತು. ಕೋಲು ಕೊಟ್ಟುಬಿಟ್ಟೆ.

ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಹೊದ್ದು ಬೇಯುತ್ತಿದ್ದಾಗ ಜೀಪು ಬಂತು. ಮಕ್ಕಳ ರಕ್ಷಣಾ ಕಚೇರಿಯ ಭುವನೇಶ್ವರಿ ಮೇಡಂ ಇಳಿದರು. ಹುಡುಗಿ ನನ್ನ ಜೊತೆ ಹೇಗಿರುತ್ತಾಳೆ ಎಂದು ನೋಡಲು ಅವಳನ್ನೂ ಕರೆತಂದಿದ್ದರು; ಹಿಂದೆಯೇ ಕಾಜಲ ಹಾರಿದಳು. ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದು, ಮರುಗಳಿಗೆಗೆ ಕುರಿ ನೋಡಲು ದೊಡ್ಡಿಗೆ ಹೋದಳು. ಎಷ್ಟಾದರೂ ನನಗಿಂತ ಅವಳಿಗೆ ಕುರಿಗಳೇ ಹೆಚ್ಚು.

ಮೇಡಂ ನೀರು ಕೇಳಿದರು, ತಮ್ಮ ಓಡಿದ. ಅಡುಗೆಮನೆ ತೋರಿಸಿ ಎಂದರು, ಮತ್ತೆ ತಮ್ಮನೇ ಓಡಿದ. ಅವರು ನನ್ನ ಕಡೆ ನೋಡಿದರು.

"ಅಕ್ಕಗ ವ್ರತ ಅದರಿ. ಹೊತ್ತು ಮುಳುಗೋ ತನಕ ಏಳಂಗಿಲ್ಲ," ಎಂದ ಮಹಾನುಭಾವ.

"ಯಾವ ದೇವರದ್ರಿ?"

"ಮನಿ ದೇವ್ರದರಿ."

ನಮ್ಮ ಮನೆದೇವರು ಇಂಥ ವ್ರತದ ಸುದ್ದಿ ಕೇಳಿದ್ದರೆ ಊರು ಬಿಡುತ್ತಿದ್ದರು. ಮೇಡಂ ಏನೋ ಬರೆದುಕೊಂಡು, "ಚಂದಮ್ಮನೋರ, ಹುಡುಗಿ ರಸ್ತಾದ ಕಡಿ ಓಡಿದ್ರ ಹ್ಯಾಂಗ ಹಿಡೀತೀರಿ?" ಎಂದರು.

"ಹಿಡಿಯಂಗಿಲ್ರಿ. ಕರೀತೀನಿ."

ತಮ್ಮ ನನ್ನನ್ನು ನುಂಗುವಂತೆ ನೋಡಿದ. ನಾನೇನು ಮಾಡಲಿ? ಮೂವತ್ತು ವರ್ಷ ಕುರಿ ಕಾಯ್ದಿದ್ದೇನೆ, ಒಂದರ ಹಿಂದೆಯೂ ಓಡಿಲ್ಲ. ಓಡುವ ಕುರುಬರ ಕುರಿಗಳು ಓಡುತ್ತವೆ. ನನ್ನವು ಕೂಗಿಗೆ ಬರುತ್ತವೆ.

ಅಷ್ಟರಲ್ಲಿ ಕಾಜಲ ಕೋಲು ಎಳೆದುಕೊಂಡು ಬಂದಳು. "ದೊಡ್ಡವ್ವಾ, ನಿನ್ನ ಕೋಲು ಯಾರೋ ಕುರಿ ಹಿಕ್ಕ್ಯಾಗ ಒಗದಾರ ನೋಡು."

ತಮ್ಮ ಆಕಾಶ ನೋಡತೊಡಗಿದ. ನಾನು ಕಂಬಳಿ ಕಿತ್ತೊಗೆದು ಎದ್ದು ನಿಂತೆ.

"ಹೌದ್ರಿ, ನಾ ಕುಂಟಿ ಇದ್ದೀನಿ. ವ್ರತ ಗಿತ ಏನೂ ಇಲ್ರಿ."

ಮೇಡಂ ಫೈಲು ತೆರೆದು ನಾಲ್ಕನೇ ಹಾಳೆ ತೋರಿಸಿದರು. ನನ್ನ ಅಂಗವಿಕಲ ಪ್ರಮಾಣಪತ್ರ, ಕೋಲು ಹಿಡಿದ ಫೋಟೊ ಸಮೇತ. ಹುಮನಾಬಾದಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಕಲ್ಲಿನಾಥ ಆ ಪ್ರಮಾಣಪತ್ರ ಬಂದಾಗಿನಿಂದ ನನ್ನ ಪ್ರತಿ ಅರ್ಜಿಗೂ ಯಾವ ಕಾಗದದ ಕಟ್ಟನ್ನು ಪಿನ್ನು ಹೊಡೆದು ಸೇರಿಸುತ್ತಿದ್ದನೋ ಅದನ್ನೇ ಇದಕ್ಕೂ ಸೇರಿಸಿದ್ದ. ನನ್ನ ತಮ್ಮ, ಅರ್ಧ ಅಧಿಕಾರಿ, ಓದದೆ ಕೊಟ್ಟುಬಂದಿದ್ದ.

"ಕಾಲಿನ ಸುದ್ದಿ ನನಗ ಮೊದಲ ಗೊತ್ತದ. ಅದು ಅಡ್ಡಿ ಇಲ್ಲ," ಎಂದರು ಮೇಡಂ. "ಸುಳ್ಳು ಅಡ್ಡಿ ಅದ. ನಾಳೆ ಹುಡುಗಿಗೆ ಏನರ ಆದ್ರ ಅದನ್ನೂ ಕಂಬಳಿ ಹೊಚ್ಚಿ ಮುಚ್ತೀರೇನು?"

ಮೇಡಂ ಫೈಲು ಮುಚ್ಚಿ, "ಕಾಜಲ, ನಡಿ," ಎಂದರು.

ಕಾಜಲ ನಡೆಯಲಿಲ್ಲ, ಓಡಿದಳು. ದೊಡ್ಡಿಯ ಬಾಗಿಲು ತೆರೆದೇ ಬಿಟ್ಟಿದ್ದಳು, ಕುರಿಗಳೂ ಜೊತೆಗೆ ಹೊರಬಿದ್ದವು. ಟ್ರ್ಯಾಕ್ಟರುಗಳು ಓಡಾಡುವ ಡಾಂಬರು ರಸ್ತೆಯ ಕಡೆಗೇ ಹೊರಟರು ಎಲ್ಲರೂ. ಡ್ರೈವರ್ ಬೆನ್ನಟ್ಟಿದ, ತಮ್ಮ ಬೆನ್ನಟ್ಟಿದ, ಮೇಡಂ ಒಂದೇ ಚಪ್ಪಲಿಯಲ್ಲಿ ಬೆನ್ನಟ್ಟಿದರು. ಅವರು ಓಡಿದಷ್ಟೂ ಅವಳು ಜೋರಾಗಿ ಓಡಿದಳು.

ಕರೆದರೆ ಬರುತ್ತಾಳೆ ಎಂದು ನನಗೆ ಗೊತ್ತಿತ್ತು. ಬಂದರೆ ಜೀಪಿಗೆ ಹತ್ತಿಸಬೇಕು ಎಂದೂ ಗೊತ್ತಿತ್ತು. ಒಂದು ಗಳಿಗೆ ಸುಮ್ಮನೆ ನಿಂತೆ, ದೇವರಾಣೆ ನಿಂತೆ. ದೂರದಲ್ಲಿ ಟ್ರ್ಯಾಕ್ಟರ್ ಹಾರ್ನ್ ಕೇಳಿತು. ಕೋಲು ಊರಿ, ನಾಲಿಗೆ ಮಡಚಿ, ಉದ್ದಕ್ಕೆ ಕೂಗು ಹಾಕಿದೆ.

ಮೊದಲು ದೊಡ್ಡ ಕುರಿ ತಿರುಗಿತು. ಆಮೇಲೆ ಕಾಜಲ. ಹಿಂಡಿನ ನಡುವೆ ಮೂಗು ಸುರಿಸುತ್ತ ಬಂದು ನನ್ನ ಸೆರಗು ಹಿಡಿದಳು. ನಾನೇ ಅವಳ ಕೈ ಹಿಡಿದು ಜೀಪಿನವರೆಗೆ ಕುಂಟುತ್ತ ಹೋಗಿ ಕೂರಿಸಿದೆ.

"ದೊಡ್ಡವ್ವಾ, ನಾ ಬೀದರಿನಾಗಿಂದ ಕರದ್ರ ಇಲ್ಲಿಗೆ ಕೇಳಸಲಿಲ್ಲ ನಿನಗ," ಎಂದಳು. "ಇಲ್ಲಿಂದ ನೀ ಕರದ್ರ ಅಲ್ಲಿಗೆ ಕೇಳಸ್ತದೇನು?"

ಮೇಡಂ ಏದುಸಿರು ಬಿಡುತ್ತ ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಫೈಲು ತೆರೆದು ನಾಲ್ಕನೇ ಹಾಳೆಯ ಅಂಚಿನಲ್ಲಿ ಬಹಳ ಹೊತ್ತು ಬರೆದರು.

"ಸೋಮವಾರ ಬೀದರಿನಾಗ ಮಕ್ಕಳ ಸಮಿತಿ ಕೂಡ್ತದ. ನಿನ್ನ ದೊಡ್ಡವ್ವ ಅಲ್ಲೇ ಬಂದು ಕರೀತಾಳ," ಎಂದು ಕಾಜಲಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ಕೋಲು ತೊಳಕೊಂಡು ಬರ್ರಿ. ತಮ್ಮಗ ಮನ್ಯಾಗ ಬಿಟ್ಟು ಬರ್ರಿ."