ಅರಿಶಿನ ಹಚ್ಚಿದ ಕವರು

ನಿರಂಜನ ಲಂಚ ಮುಟ್ಟಿದವನಲ್ಲ. ಪಜೀತಿಯೆಲ್ಲ ಶುರುವಾದದ್ದು ಅಲ್ಲಿಂದಲೇ. ದುಡ್ಡಿಗೆ ಕೈಚಾಚುವ ಎಂಜಿನಿಯರಾಗಿದ್ದರೆ ಸರೋಜಮ್ಮನ ಮನೆಯ ಕೆಲಸ ಒಂದೇ ಭೇಟಿಗೆ ಮುಗಿದುಹೋಗುತ್ತಿತ್ತು. ಇವನಿಗೆ ಬೇಕಾಗಿದ್ದೇ ಬೇರೆ, ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ.

ಹೊಸದಾಗಿ ಕಟ್ಟಿದ ಮನೆಗಳನ್ನು ಕೊನೆಯ ಸಲ ನೋಡಿ, ನಕ್ಷೆಯ ಪ್ರಕಾರವೇ ಇದೆ, ವಾಸಕ್ಕೆ ಅಡ್ಡಿಯಿಲ್ಲ ಎಂದು ಸಹಿ ಹಾಕುವುದು ಅವನ ಕೆಲಸ. ನಲವತ್ತನಾಲ್ಕಾದರೂ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಚಿಕ್ಕಮಗಳೂರು ಬೇಡವೆನ್ನಿಸಿ ಈ ಸಣ್ಣ ಪಟ್ಟಣಕ್ಕೆ ವರ್ಗ ಮಾಡಿಸಿಕೊಂಡು ಬಂದು, ಬೇಕರಿಯ ಮೇಲಿನ ಒಂದು ಕೋಣೆಯಲ್ಲಿದ್ದ. ಊರಿನವರ ಅಡುಗೆಮನೆಗಳನ್ನೆಲ್ಲ ಅಳೆದಿದ್ದ, ಒಂದರಲ್ಲೂ ಕೂತು ಉಂಡಿರಲಿಲ್ಲ. ನಮಸ್ಕಾರ ಸಾರ್ ಎನ್ನುವವರು ಹೆಜ್ಜೆಗೊಬ್ಬರು ಸಿಗುತ್ತಿದ್ದರು, ಊಟ ಆಯ್ತಾ ಎಂದು ಕೇಳುವವರಿರಲಿಲ್ಲ.

ಸರೋಜಮ್ಮ ಕೇಳಿದರು. ಗಂಡ ಹೋದ ಮೇಲೆ ಗೋಣಿಬೀಡಿನಲ್ಲಿ ಇಪ್ಪತ್ತು ವರ್ಷ ಒಬ್ಬರೇ ದಿನಸಿ ಅಂಗಡಿ ನಡೆಸಿ, ಮಗಳು ಸುಪ್ರಿಯಾಳ ಮದುವೆ ಮಾಡಿ, ಉಳಿದದ್ದರಲ್ಲಿ ಪಟ್ಟಣದ ಅಂಚಿನಲ್ಲಿ ಎರಡು ಕೋಣೆಯ ಮನೆ ಎಬ್ಬಿಸಿದ ಹೆಂಗಸು. ಅಲ್ಲಿ ಅವರಿದ್ದ ಬಾಡಿಗೆ ಮನೆಯನ್ನು ಮಾಲೀಕರು ಹೋಂಸ್ಟೇ ಮಾಡಲು ಹೊರಟಿದ್ದರಿಂದ ತಿಂಗಳ ಕೊನೆಗೆ ಖಾಲಿ ಮಾಡಲೇಬೇಕಿತ್ತು. ಸಹಿ ಬೀಳದೆ ಹೊಸ ಮನೆಗೆ ಹೋಗುವಂತಿರಲಿಲ್ಲ. ಹಾಲುಕ್ಕಿಸದ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಅದಕ್ಕೆ ತಪಾಸಣೆಯ ದಿನ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕಡುಬು ತುಂಬಿಕೊಂಡು ಬಸ್ಸಿನಲ್ಲಿ ಬಂದಿದ್ದರು.

"ಊಟ ಮಾಡಿದ್ರೋ ಇಲ್ವೋ, ಮುಖ ಬಾಡಿದೆ. ಮೊದ್ಲು ಕೂತ್ಕೊಳ್ಳಿ ಸಾರ್," ಎಂದರು.

ಆ ದಿನ ಅವನು ತೆಗೆದ ತಕರಾರು ನ್ಯಾಯವಾದದ್ದೇ. ಮೆಟ್ಟಿಲಿನ ರೇಲಿಂಗು ಎರಡಿಂಚು ಗಿಡ್ಡವಿತ್ತು. ಸರಿ ಮಾಡಿಸಿದರು. ಎರಡನೆಯ ಸಲ ಮಳೆನೀರಿನ ಪೈಪಿನ ಮಾತು ಬಂತು, ಅದರಲ್ಲೂ ಸ್ವಲ್ಪ ನ್ಯಾಯವಿತ್ತೆನ್ನಿ. ಮೂರನೆಯ ಸಲ ಟಾಯ್ಲೆಟ್ ಪಿಟ್ಟಿನ ಗಾಳಿ ಪೈಪಿಗೆ ಜಾಲರಿ ಇಲ್ಲ ಎಂದ. ನಾಲ್ಕನೆಯ ಸಲ ಏನೂ ಸಿಗದೆ, ಕಾಂಪೌಂಡಿನ ಪಕ್ಕದ ಜಾಗವನ್ನು ಎರಡೆರಡು ಸಲ ಅಳೆದು, ನಕ್ಷೆ ನೋಡಿ ಹೇಳುತ್ತೇನೆ ಎಂದು ಎದ್ದ. ಅಳತೆ ಸರಿಯಾಗಿಯೇ ಇತ್ತು. ಸಹಿ ಹಾಕಿಬಿಟ್ಟರೆ ಈ ಮನೆಗೆ ಮತ್ತೆ ಬರಲು ನೆಪವೇ ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮಾಡುತ್ತಿರುವುದು ತಪ್ಪೆಂದೂ ಗೊತ್ತಿತ್ತು. ಆದರೂ ತಪಾಸಣೆಯ ಬುಧವಾರ ಬಂತೆಂದರೆ ಹೆಣ್ಣು ನೋಡಲು ಹೊರಟವನ ಹಾಗೆ ಇಸ್ತ್ರಿ ಅಂಗಿ ಹುಡುಕುತ್ತಿದ್ದ.

ಐದನೆಯ ಬುಧವಾರ, ಅವನು ಕಾಫಿ ಕುಡಿದು ಲೋಟ ಇಟ್ಟ ಮೇಲೆ, ಸರೋಜಮ್ಮ ಸೆರಗಿನ ಮರೆಯಿಂದ ಒಂದು ಕವರು ತೆಗೆದರು. ಮೇಲೆ ಕಳಶದ ಚಿತ್ರ, ನಾಲ್ಕು ಮೂಲೆಗೂ ಅರಿಶಿನ.

"ಇದನ್ನ ಇಟ್ಕೊಳ್ಳಿ ಸಾರ್. ತಪ್ಪು ತಿಳ್ಕೋಬೇಡಿ."

ಗೃಹಪ್ರವೇಶದ ಕರೆಯೋಲೆ! ನಿರಂಜನ ಎರಡೂ ಕೈಯಲ್ಲಿ ತೆಗೆದುಕೊಂಡ. ಈ ಊರಿಗೆ ಬಂದ ಮೇಲೆ ಅರಿಶಿನ ಹಚ್ಚಿದ ಕಾಗದವೊಂದು ಅವನ ಕೈಗೆ ಬಂದದ್ದು ಇದೇ ಮೊದಲು.

"ಇದ್ರಲ್ಲಿ ತಪ್ಪೇನಮ್ಮ? ಖಂಡಿತ ಬರ್ತೀನಿ," ಎಂದ.

ಸರೋಜಮ್ಮನ ಮುಖ ಇಳಿದುಹೋಯಿತು. ಅವನಾಗಲೇ ಬೈಕಿನ ಕಡೆ ತಿರುಗಿದ್ದ, ನೋಡಲಿಲ್ಲ.

ಕೋಣೆಗೆ ಬಂದು, ಕೈ ತೊಳೆದು, ಕವರು ಒಡೆದ. ಒಳಗಿದ್ದದ್ದು ಐನೂರರ ನೋಟುಗಳು. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಸುಪ್ರಿಯಾಳ ಮದುವೆಯ ತಾರೀಖು ಅಚ್ಚಾಗಿತ್ತು. ಮೂರು ವರ್ಷದ ಹಿಂದೆ ಹಂಚಿ ಉಳಿದ ಕವರು. ಹಾಗಾದರೆ ಆ ಕಡುಬು, ಆ ಕಾಫಿ, ಮುಖ ಬಾಡಿದೆ ಎಂದ ಆ ಮಾತು? ಅದರಲ್ಲಿ ಅಕ್ಕರೆ ಎಷ್ಟಿತ್ತು, ಹೆದರಿಕೆ ಎಷ್ಟಿತ್ತು ಎಂದು ಅಳೆಯುವ ಟೇಪು ಅವನ ಬಳಿ ಇರಲಿಲ್ಲ. ಅವನಿಗೆ ಅಳು ಬಂತು. ಕೆಳಗೆ ಬೇಕರಿಯವರು ಬಿಸಿ ಬನ್ನು ಇಳಿಸುತ್ತಿದ್ದರು.

ಮರುದಿನ ಕಚೇರಿ ತೆರೆದ ಕೂಡಲೇ ಸಹಿ ಹಾಕಿ, ಮೊಹರು ಒತ್ತಿಸಿಕೊಂಡು, ತಾನೇ ಗೋಣಿಬೀಡಿಗೆ ಹೋದ. ಸರೋಜಮ್ಮ ಜಗಲಿಯಲ್ಲಿ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದರು. ಅವನು ಮೊದಲು ಕವರು ಚಾಚಿದ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಡಿಮೆ ಆಯ್ತಾ ಸಾರ್?" ಎಂದರು ಮೆಲ್ಲಗೆ. "ಸದ್ಯಕ್ಕೆ ಇಷ್ಟೇ ಇರೋದು."

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ನಿರಂಜನನಿಗೆ.

"ದುಡ್ಡು ಬೇಡಮ್ಮ. ಮನೆ ಸರಿಯಾಗೇ ಇದೆ. ಹೋದ ವಾರಾನೂ ಸರಿಯಾಗೇ ಇತ್ತು," ಎಂದು ಸರ್ಟಿಫಿಕೇಟು ಕೊಟ್ಟ.

ಹಾಗಾದರೆ ಯಾಕೆ ಇಷ್ಟು ಓಡಾಡಿಸಿದಿರಿ ಎಂದು ಕೇಳಿದ್ದರೆ ಇದ್ದದ್ದನ್ನು ಹೇಳಿಬಿಡುತ್ತಿದ್ದ. ಅದಕ್ಕಾಗಿಯೇ ಬಂದಿದ್ದ ಎಂದರೂ ಸರಿಯೇ. ಅವರು ಕೇಳಲಿಲ್ಲ. ಕಾಗದವನ್ನು ಕಣ್ಣಿಗೊತ್ತಿಕೊಂಡು, ಮಗಳಿಗೆ ಫೋನು ಮಾಡಲು ಒಳಗೆ ಓಡಿದರು. ಒಳಗಿನಿಂದ ಕಾಫಿಯ ವಾಸನೆ ಬರುತ್ತಿತ್ತು. ಅವನು ಜಗಲಿಯಲ್ಲೇ ನಿಂತ.

"ಸಹಿ ಆಯ್ತು ಕಣೆ," ಎಂಬ ದನಿ ಕೇಳಿಸಿತು. "ದುಡ್ಡೂ ವಾಪಸ್ ಕೊಟ್ರು. ಹ್ಞೂಂ, ಇನ್ನು ಅವ್ರು ಬರಲ್ಲ. ಸದ್ಯ, ಮುಗೀತು."

ನಿರಂಜನ ಸದ್ದಾಗದಂತೆ ಚಪ್ಪಲಿ ಮೆಟ್ಟಿಕೊಂಡು, ಬೈಕನ್ನು ರಸ್ತೆಯವರೆಗೂ ತಳ್ಳಿಕೊಂಡು ಹೋದ.