ಅಕ್ಕನ ನಂಬರಿಗೆ ಹೋದ ಒಟಿಪಿ

ಹೊಲಿಗೆಯವಳಿಗೆ ತಲೆ ಚಿಟ್ಟು ಹಿಡಿದಿತ್ತು. ಏಳು ವರ್ಷದ ಮಗಳಿಗೆ ಕಿವಿ ಮಂದ ಎಂದು ಡಾಕ್ಟರು ಬರೆದುಕೊಟ್ಟಾಗಿತ್ತು, ಸರ್ಕಾರ ಪುಕ್ಕಟೆ ಕಿವಿಯಂತ್ರ ಕೊಡುತ್ತೇನೆ ಎಂದಾಗಿತ್ತು. ಅರ್ಜಿಗೆ ಇವತ್ತೇ ಕೊನೆಯ ದಿನ, ಮಗಳ ಕೈ ಹಿಡಿದು ಬಂದು ಸಾಲಿನಲ್ಲಿ ನಿಂತಿದ್ದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈಗಿನ ಪೂಜಾರಿ ಕಂಪ್ಯೂಟರು.

"ಒಟಿಪಿ ಹೇಳಿ," ಎಂದ ಸೇವಾಕೇಂದ್ರದ ಗುಮಾಸ್ತ.

"ನನಗೆ ಬಂದಿಲ್ವಲ್ಲ."

"ನಿಮ್ಮ ಕಾರ್ಡಲ್ಲಿರೋ ನಂಬರಿಗೆ ಹೋಗಿದೆ. ಕೊನೇಲಿ ನಲವತ್ತೆರಡು."

ಅದು ಅಕ್ಕನ ನಂಬರು! ಕಾರ್ಡು ಮಾಡಿಸುವಾಗ ಇವಳ ಹತ್ತಿರ ಫೋನಿರಲಿಲ್ಲ, ಅಕ್ಕ ತನ್ನದನ್ನೇ ಬರೆಸಿದ್ದಳು. ಆ ಅಕ್ಕನ ಜೊತೆ ಮಾತು ಬಿಟ್ಟು ಎರಡು ವರ್ಷ. ಎಷ್ಟು ಕರೆದರೂ ತಿರುಗಿ ನೋಡದ ಈ ಮಗುವನ್ನು ಅಕ್ಕ 'ಸೊಕ್ಕಿನ ಪಿಂಡ' ಎಂದಿದ್ದಳು. ಇನ್ನು ನಿನ್ನ ಮನೆ ಮೆಟ್ಟಿಲು ತುಳಿದರೆ ಕೇಳು ಎಂದು ಇವಳು ಎದ್ದು ಬಂದಿದ್ದಳು.

"ಆ ನಂಬರ್ ತೆಗೆದು ನಂದು ಹಾಕ್ಬಿಡಿ, ಅಣ್ಣ."

"ಅದಕ್ಕೂ ಹಳೇ ನಂಬರಿಗೇ ಒಟಿಪಿ ಹೋಗುತ್ತೆ, ಅಮ್ಮ."

ಇಂಥ ಬುದ್ಧಿ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ಅವಳು ಹಲ್ಲು ಕಚ್ಚಿಕೊಂಡು ಫೋನ್ ಮಾಡಿದಳು. ಗುಮಾಸ್ತನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು. ಹಿಂದಿನ ಸಾಲಿಗೆಲ್ಲ ಕೇಳಿಸಿತು.

"ಓಹೋ, ಈಗ ನೆನಪಾಯ್ತಾ ಅಕ್ಕ ಅಂತ ಒಬ್ಬಳಿದಾಳೆ ಅಂತ?"

"ನಿನ್ನ ಫೋನಿಗೊಂದು ನಂಬರ್ ಬಂದಿದೆ, ಬೇಗ ಓದು."

"ನಾಲ್ಕು... ನಾನು ಆಸ್ಪತ್ರೇಲಿ ಮಲಗಿದ್ದಾಗ ಯಾರೂ ಇಣುಕಿ ನೋಡ್ಲಿಲ್ಲ. ಏಳು... ಆಮೇಲೆ ಒಂದು ಫೋನಾದ್ರೂ ಮಾಡಿದ್ಯಾ? ಒಂಬತ್ತು..."

"ಟೈಮ್ ಮುಗೀತು," ಎಂದ ಗುಮಾಸ್ತ.

ಎರಡನೇ ಸಲ ಒಟಿಪಿ ಹೋಗುವಷ್ಟರಲ್ಲಿ ಅಕ್ಕ ಕನ್ನಡಕ ಎಲ್ಲೋ ಇಟ್ಟು ಮರೆತಿದ್ದಳು.

"ಇದೇ ಕೊನೇದು. ತಪ್ಪಿದ್ರೆ ನಾಳೆವರೆಗೆ ಲಾಕ್," ಎಂದ ಅವನು.

ಈಗ ಕನ್ನಡಕ ಸಿಕ್ಕಿತ್ತು, ಅದೇ ಎಡವಟ್ಟಾಯಿತು. "ಯಾರಿಗೂ ಹೇಳ್ಬೇಡಿ ಅಂತ ಬರೆದಿದೆಯಲ್ಲೇ ಇದರಲ್ಲಿ! ಏತಕ್ಕೆ ಅಂತ ಹೇಳು ಮೊದ್ಲು."

ಅವಳ ಸಹನೆ ಅಲ್ಲಿಗೆ ಮುಗಿಯಿತು. "ಕಿವಿಯಂತ್ರಕ್ಕೆ! ನಿನ್ನ ಸೊಕ್ಕಿನ ಪಿಂಡಕ್ಕೆ ಕಿವಿ ಕೇಳ್ಸಲ್ಲ. ಅವತ್ತೂ ಕೇಳ್ಸಿರ್ಲಿಲ್ಲ!"

ಅವತ್ತು ಮನೆಗೆ ಬಂದು ತಾನೂ ಮಗಳ ಬೆನ್ನಿಗೆ ಎರಡು ಬಿಗಿದದ್ದನ್ನು ಹೇಳಲಿಲ್ಲ. ಪರದೆಯ ಮೇಲೆ ಇಪ್ಪತ್ತು ಸೆಕೆಂಡು ಉಳಿದಿತ್ತು.

ಆ ಕಡೆಯಿಂದ ಅಂಕಿಗಳು ಬಂದವು. ಆರೂ ಒಂದರ ಹಿಂದೊಂದು, ನಡುವೆ ಒಂದು ಮಾತಿಲ್ಲದೆ.

"ಆಯ್ತು, ಅರ್ಜಿ ಹೋಯ್ತು," ಎಂದ ಗುಮಾಸ್ತ.

ಅವಳು ಫೋನ್ ಇಡಲು ಹೊರಟಳು.

"ಮಗು ಅಲ್ಲೇ ಇದೆಯೇನೇ?"

"ಹೂಂ."

"ಫೋನ್ ಅದರ ಕೈಗೆ ಕೊಡು."

"ಅವಳಿಗೆ ಕೇಳ್ಸಲ್ಲ ಅಕ್ಕ."

"ಗೊತ್ತಾಯ್ತು. ಆದ್ರೂ ಕೊಡು."