ನಿಲುವಂಗಿ ತೊಟ್ಟ ಬೆದರುಬೊಂಬೆ

ಶೋಭಿತಾಳಿಗೆ ಯಾವುದನ್ನು ನೋಡಿದರೂ ಅದರಲ್ಲೊಂದು ದೇವರ ಪಾಠ ಕಾಣುತ್ತಿತ್ತು. ಕುಕ್ಕರ್ ವಿಷಲ್ಲಿನಲ್ಲಿ ತಾಳ್ಮೆ, ಕಾಲಿಗೆ ಹತ್ತಿದ ಜಿಗಣೆಯಲ್ಲಿ ಪಾಪ. ಹೀಗಿರುವಾಗ ಮಕ್ಕಳ ಕಾರ್ಟೂನ್ ಸಿನಿಮಾ ಕೈಗೆ ಸಿಕ್ಕಿದರೆ ಬಿಡುತ್ತಾಳೆಯೇ?

ಅದೊಂದು ಬೆದರುಬೊಂಬೆಯ ಕಥೆ. ಟೋಪಿ ತೊಡಿಸಿದರೆ ಅದು ತಾನು ಪೊಲೀಸ್ ಅಂದುಕೊಳ್ಳುತ್ತದೆ, ಬಿಳಿ ಕೋಟು ಹಾಕಿದರೆ ಡಾಕ್ಟರ್. ನಾನ್ಯಾರು, ನಾನ್ಯಾರು ಎಂದು ಊರೆಲ್ಲ ಅಲೆದ ಮೇಲೆ, ಅದನ್ನು ಹೊಲಿದ ಮುದುಕಿ ಸಿಕ್ಕಿ, ಯಾವ ಬಟ್ಟೆಯಲ್ಲಿದ್ದರೂ ನೀನು ನಾನು ಮಾಡಿದ ಮಗುವೇ ಅನ್ನುತ್ತಾಳೆ. ಶೋಭಿತಾ ಅದನ್ನು ಏಳು ಸಲ ನೋಡಿ, ಏಳು ಸಲವೂ ಅತ್ತು, ಏಳು ಪುಟ ಟಿಪ್ಪಣಿ ಬರೆದುಕೊಂಡಿದ್ದಳು.

ಶ್ರೀಮಂಗಲದ ಹತ್ತಿರದ ಆ ಪುಟ್ಟ ಚರ್ಚಿನಲ್ಲಿ ಏಪ್ರಿಲ್ ರಜೆಯ ಬೈಬಲ್ ತರಗತಿ ನಡೆಯುತ್ತಿತ್ತು. ಬರುವವರೆಲ್ಲ ಎಸ್ಟೇಟಿನ ಲೈನ್ ಮನೆಗಳ, ಅಂದರೆ ಕೂಲಿಯಾಳುಗಳ ಸಾಲುಮನೆಗಳ ಮಕ್ಕಳು. ಪಾಠ ಹೇಳುವುದು ಶೋಭಿತಾ, ಮೇಲ್ವಿಚಾರಣೆ ಕಾಂತಮ್ಮನದು. ಅವರ ಗಂಡ ನಲವತ್ತು ವರ್ಷ ಎಸ್ಟೇಟ್ ರೈಟರ್ ಆಗಿ, ಬೆಳಿಗ್ಗೆ ಬೆಳಿಗ್ಗೆ ಆಳುಗಳ ಹಾಜರಿ ತೆಗೆದವರು. ಕಾಂತಮ್ಮ ಮಕ್ಕಳ ಹಾಜರಿಯನ್ನೂ ಅದೇ ಧಾಟಿಯಲ್ಲಿ ತೆಗೆಯುತ್ತಿದ್ದರು. "ಎರಡನೇ ಲೈನು, ಐದನೇ ಮನೆ" ಎಂದರೆ ಏಳು ವರ್ಷದ ಜವರಿ ಎದ್ದು ನಿಲ್ಲಬೇಕು.

ಶನಿವಾರ ಶೋಭಿತಾ ಹಾಕಿದ ಸಿನಿಮಾ ಮುಗಿದದ್ದೇ ಕಾಂತಮ್ಮ ಕೇಳಿದರು. "ಏನ್ ಕಲಿತ್ರಿ ಇದ್ರಿಂದ?"

"ಕಾಗೆ ಮಾತಾಡುತ್ತೆ ಅಂತ," ಅಂದ ಸುಬ್ಬ. ಅವನು ಬರುತ್ತಿದ್ದದ್ದೇ ತರಗತಿ ಮುಗಿದ ಮೇಲೆ ಕೊಡುವ ಬನ್ನಿಗಾಗಿ.

ಶೋಭಿತಾ ಮಧ್ಯೆ ಬಂದಳು. "ಜವರಿ, ನೀನ್ ಹೇಳು ಪುಟ್ಟಿ. ನೀನು ಯಾರು?"

"ಎರಡ್ನೇ ಲೈನ್, ಐದು, ಮಿಸ್."

"ಕೇಳಿದ್ಯೇನೇ ಶೋಭಿ? ಇದಕ್ಕೆ ಪ್ರೊಜೆಕ್ಟರ್ ಬೇರೆ ಕೇಡು," ಅಂದರು ಕಾಂತಮ್ಮ. "ನಾಳೆ ಪಾದ್ರಿ ಅಯ್ಯನೋರ ಹತ್ರ ಹೇಳ್ತೀನಿ. ಸೋಮವಾರದಿಂದ ಮತ್ತೆ ಚಾರ್ಟೇ."

ಚಾರ್ಟೆಂದರೆ ಕಾಂತಮ್ಮನ ಮದುವೆಗಿಂತಲೂ ಹಳೆಯ ಬೈಬಲ್ ಚಿತ್ರಪಟ. ಅದರಲ್ಲಿದ್ದ ನೋಹನ ನಾವೆಯನ್ನು ಗೆದ್ದಲು ಮುಕ್ಕಾಲು ತಿಂದಿತ್ತು. ಶೋಭಿತಾ ಕೊನೆಯ ಪ್ರಯತ್ನವಾಗಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಳು. ಎಲ್ಲರೂ ಮನೆಯಿಂದ ಒಂದೊಂದು ಹಳೆ ಬಟ್ಟೆ ತಂದು, ಸಂಜೆಯೊಳಗೆ ಚರ್ಚಿನ ಬೀನ್ಸ್ ಪಾತಿಯಲ್ಲಿ ತಾವೇ ಒಂದು ಬೆದರುಬೊಂಬೆ ನಿಲ್ಲಿಸಬೇಕು.

ಭಾನುವಾರ ಬೆಳಿಗ್ಗೆ ಅವಳು ಬಂದಾಗ ಮಂಜು ಇನ್ನೂ ಕರಗಿರಲಿಲ್ಲ. ಪಾತಿಯ ಕಡೆಯಿಂದ ಕಾಂತಮ್ಮನ ದನಿ ಕೇಳಿಸಿತು. ಶೋಭಿತಾ ಬೀನ್ಸ್ ಚಪ್ಪರದ ಮರೆಗೆ ಸರಿದಳು.

"ವಂದನೆ ಅಯ್ಯನೋರೆ. ಆ ಶೋಭಿ ವಿಷ್ಯ. ಕೆಟ್ಟೋಳಲ್ಲ, ಆದ್ರೆ ತಲೇಲಿ ಬರೀ ಕಾರ್ಟೂನು. ಯಾವಾಗ್ಲೂ ನಾನ್ ಮಾತಾಡುವಾಗ ನೀವು ಮಧ್ಯ ಬಾಯಿ ಹಾಕ್ತಿದ್ರಿ. ಇವತ್ತು ಎಷ್ಟು ಚಂದ ಕೇಳಿಸ್ಕೊಳ್ತಿದೀರಿ."

ಶೋಭಿತಾ ಇಣುಕಿದಳು. ಕಾಂತಮ್ಮನ ಮುಂದೆ ಬಿಳಿ ನಿಲುವಂಗಿ ತೊಟ್ಟು, ಎರಡೂ ತೋಳು ಚಾಚಿ ನಿಂತಿದ್ದದ್ದು ಬೆದರುಬೊಂಬೆ.

ಅಷ್ಟರಲ್ಲಿ ಬೇಲಿಯ ಕಡೆಯಿಂದ ಲುಂಗಿ ಬನಿಯನ್ನಿನ ಒಬ್ಬರು ಬಂದರು. ಪಾದ್ರಿ ಅನಿಲ್‌ಕುಮಾರ್. "ಕಾಂತಮ್ಮ, ಒಗೆದು ಹಾಕಿದ್ದ ನನ್ನ ನಿಲುವಂಗಿ ಕಂಡ್ರಾ?"

ಕಾಂತಮ್ಮ ಅರ್ಧ ತಿರುಗಿ ನೋಡಿದರು. "ಯಾವ ಲೈನಪ್ಪ ನೀನು? ಅಯ್ಯನೋರ ಹತ್ರ ಮಾತಾಡ್ತಿರೋದು ಕಾಣಲ್ವಾ? ಆ ಕಡೆ ನಿಂತ್ಕೋ."

ಅಯ್ಯನವರು ಅಭ್ಯಾಸಬಲದಿಂದ ಆ ಕಡೆ ನಿಂತುಕೊಂಡರು.

ಕಾಗೆಯೊಂದು ಹಾರಿ ಬಂದು ಬೊಂಬೆಯ ತಲೆಯ ಮೇಲೆ ಕೂತಿತು. "ಕಾಗೆ, ಅಯ್ಯನೋರೆ," ಎಂದು ಕಾಂತಮ್ಮ ಮೆಲ್ಲಗೆ ತೋಳು ಮುಟ್ಟಿದರು. ಹಿಡಿ ಹುಲ್ಲು ಕೈಗೆ ಬಂತು. ಅವರು ಹುಲ್ಲನ್ನು ನೋಡಿದರು, ಬನಿಯನ್ನನ್ನು ನೋಡಿದರು, ಬಗಲಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಬನಿಯನ್ನನ್ನು ನೋಡಿದರು.

ಮಕ್ಕಳು ಬಂದು ಸೇರಿದರು; ಶೋಭಿತಾಳೂ ಮೆಲ್ಲಗೆ ಅವರ ಹಿಂದೆ ಬಂದು ನಿಂತಳು. ಜವರಿಯ ಮುಖ ಸಣ್ಣಗಾಯಿತು. "ನಾನೇ ಹಾಕಿದ್ದು, ಮಿಸ್. ತಂತಿ ಮೇಲಿತ್ತು. ನಮ್ಮನೇಲಿ ಹಳೇ ಬಟ್ಟೆ ಒಂದೂ ಖಾಲಿ ಇರ್ಲಿಲ್ಲ. ಎಲ್ಲಾನೂ ಯಾರಾದ್ರೂ ಹಾಕ್ಕೊಂಡಿದ್ರು."

"ಅಜ್ಜಿ, ನೀವು ಹುಲ್ಲಿಗೆ ವಂದನೆ ಹೇಳಿದ್ರಾ?" ಸುಬ್ಬ ಕೇಳಿದ.

"ಸುಮ್ನಿರೋ," ಅಂದಳು ಜವರಿ. "ಸಿನಿಮಾದಲ್ಲೂ ಹಂಗೇ ಅಲ್ವಾ. ಅಂಗಿ ಹಾಕಿದ್ರೆ ಬೊಂಬೆ ಅಯ್ಯನೋರಾಗಲ್ಲ. ಅಂಗಿ ಇಲ್ದಿದ್ರೂ ಅಯ್ಯನೋರು ಅಯ್ಯನೋರೇ. ಮಾಡ್ದೋರಿಗೆ ಗೊತ್ತಿರುತ್ತೆ, ಯಾರು ಯಾರು ಅಂತ."

ಏಳು ಪುಟದ ಟಿಪ್ಪಣಿಯಲ್ಲಿ ಇಷ್ಟು ಚೆನ್ನಾಗಿ ಒಂದು ಸಾಲೂ ಇರಲಿಲ್ಲ. ಶೋಭಿತಾ ಎಂಟನೇ ಸಲ ಅತ್ತಳು.

"ಇವತ್ತಿನ ಆರಾಧನೆ ಪ್ರಸಂಗ ಇಲ್ಲೇ ಮುಗೀತು," ಎಂದು ಅಯ್ಯನವರು ಬೊಂಬೆಯ ಮೈಯಿಂದ ನಿಲುವಂಗಿ ಬಿಚ್ಚಿಕೊಂಡು, ಹುಲ್ಲು ಕೊಡವುತ್ತ ಸೀನುತ್ತ ಒಳಗೆ ಹೋದರು.

ಕಾಂತಮ್ಮ ಹಾಜರಿ ಪುಸ್ತಕ ತೆರೆದರು. "ಎರಡನೇ ಲೈನು..." ಅಂದವರು ತಡೆದರು. ಕನ್ನಡಕ ಸರಿಮಾಡಿಕೊಂಡು ಹುಡುಗಿಯನ್ನು ನೋಡಿದರು. "ನಿನ್ನ ಹೆಸರೇನೇ?"

"ಜವರಿ."

ಕಾಂತಮ್ಮ ದುಂಡಗೆ ಬರೆದುಕೊಂಡರು. ಆಮೇಲೆ ಶೋಭಿತಾಳತ್ತ ತಿರುಗಿದರು. "ಸೋಮವಾರ ಸಿನಿಮಾ ಹಾಕ್ತೀಯಲ್ಲ, ಮುಂದಿನ ಬೆಂಚು ನಂಗೆ. ಮತ್ತೆ, ಆ ಬೊಂಬೆ ಹತ್ರ ನಾನ್ ಏನೇನ್ ಹೇಳ್ದೆ, ಕೇಳಿಸ್ಕೊಂಡ್ಯಾ?"

"ಇಲ್ಲ ಆಂಟಿ, ನಾನು ಈಗಷ್ಟೆ ಬಂದೆ."

ಸುಳ್ಳು, ಅದೂ ಚರ್ಚಿನ ಅಂಗಳದಲ್ಲೇ ನಿಂತು. ಇದರಲ್ಲೂ ಒಂದು ಪಾಠ ಇರಬೇಕೆಂದು ಶೋಭಿತಾ ಹುಡುಕಿದಳು. ಯಾಕೋ ಸಿಗಲಿಲ್ಲ.